ಪಿ.ಪಿ. ಪಂಪಾಪತಿಯವರ ಕರಿ ಫೋನು

ಸರ್ಕಾರಿ ವಕೀಲ ಪಂಪಾಪತಿಯವರನ್ನು ಜನ ಎದುರಿಗೆ ‘ಪಿ.ಪಿ. ಸಾಹೇಬ್ರು’ ಅನ್ನುತ್ತಾರೆ, ಬೆನ್ನ ಹಿಂದೆ ‘ಪೀಪಿ’ ಅನ್ನುತ್ತಾರೆ. ಬೇರೆ ಯಾರಾದರೂ ಊದಿದರೆ ಮಾತ್ರ ಸದ್ದು ಬರುತ್ತದಂತೆ. ಕೋಳಿ ಕದ್ದವನನ್ನು ಜೈಲಿಗೆ ಕಳಿಸುವಾಗ ಅವರು ಹುಲಿ. ಸರ್ಕಾರದವರೇ ತಪ್ಪು ಮಾಡಿದ ಕೇಸು ಬಂದರೆ ಮಾತ್ರ ಕನ್ನಡಕ ಒರೆಸುತ್ತಾರೆ, ಎದ್ದು ನಿಲ್ಲುತ್ತಾರೆ, ಮೇಜಿನ ಮೇಲಿನ ಕರಿ ಫೋನು ಎತ್ತುತ್ತಾರೆ. ಬಾಗಿಲ ಬೆಂಚಿನಿಂದ ಅದನ್ನು ನೋಡಿ ನೋಡಿ ನಾಗಕ್ಕನಿಗೆ ಬಾಯಿಪಾಠವಾಗಿದೆ. ರಾಯದುರ್ಗದಲ್ಲಿ ಜೀನ್ಸ್ ಹೊಲಿಯುತ್ತಿದ್ದ ಅವಳ ಮಗ ಯುವರಾಜ ಇಲ್ಲಿನ ಠಾಣೆಗೆ ನಡೆದು ಹೋದವನು ಹೆಣವಾಗಿ ಬಂದ. ಪೊಲೀಸರ ಮೇಲೆ ಕೇಸು ನಡೆಸಬಹುದೆಂದು ಇವರು ಬರೆದುಕೊಡಬೇಕು. “ಇವತ್ತು ಬರೆದೇ ಬಿಡ್ತೀನ್ರಿ ನಾಗಕ್ಕ” ಎಂದು ಪೆನ್ನು ತೆಗೆಯುತ್ತಾರೆ. ಫೋನಿನಲ್ಲಿ “ಆಗ್ಲಿ ಸರ್” ಅಂದು ಪೆನ್ನು ಮುಚ್ಚುತ್ತಾರೆ. “ಮ್ಯಾಲಿನವ್ರು ತಡೀರಿ ಅಂದ್ರಮ್ಮ.” ಗೋಡೆಯ ಮೇಲೆ ಮುಖ್ಯಮಂತ್ರಿಯ ಫೋಟೋ ಬದಲಾಯಿತು, “ಆಗ್ಲಿ ಸರ್” ಬದಲಾಗಲಿಲ್ಲ. ಇವತ್ತು ಅವರು ಕೈ ತೊಳೆಯಲು ಹೊರಗೆ ಹೋದಾಗ ನಾಗಕ್ಕ ಧೈರ್ಯ ಮಾಡಿ ತಾನೇ ಫೋನು ಎತ್ತಿದಳು, ಆ ಮೇಲಿನವರಿಗೆ ‘ನಾನು ಯುವರಾಜನ ತಾಯಿ ರೀ’ ಎಂದು ಹೇಳೋಣವೆಂದು. ಕಿವಿಯಲ್ಲಿ ಏನೂ ಕೇಳಲಿಲ್ಲ. ವೈರು ಎಳೆದರೆ ಇಲಿ ಕಡಿದ ಮೊಂಡು ತುದಿ ಜೇಡರ ಬಲೆಯ ಸಮೇತ ಕೈಗೆ ಬಂತು. “ಸಾಹೇಬ್ರ, ಇದು ಸತ್ತು ಯಾವ ಕಾಲ ಆತೋ!” ಬಾಗಿಲಲ್ಲಿ ನಿಂತಿದ್ದ ಪಂಪಾಪತಿ ಆ ತುದಿಯನ್ನು ನೋಡಿದರು. ಒದ್ದೆ ಕೈಯಲ್ಲೇ ಫೋನು ಇಸಕೊಂಡು ಕಿವಿಗಿಟ್ಟು ನೆಟ್ಟಗೆ ನಿಂತರು. “ಹೌದ್ರಿ ಸರ್,” ಎಂದರು ಮೆಲ್ಲಗೆ, ನಾಗಕ್ಕನ ಮುಖ ನೋಡುತ್ತ, “ಇಲ್ಲೇ ಅದಾರ್ರಿ. ವೈರು ಅವ್ರ ಕೈಯಾಗೇ ಐತ್ರಿ.”