ಉಪವಾಸದ ಬೆಳಗಿನ ಗುಳಿಗೆ

ಭಾಲ್ಕಿ ಕಡೆಯ ನಮ್ಮ ಹಳ್ಳಿಯ ಚರ್ಚಿನಲ್ಲಿ ಬೈಬಲಿನ ವೇದಪಾಠವನ್ನು ಅಪ್ಪನೇ ಓದಬೇಕಿತ್ತು. ನಿವೃತ್ತ ಮಾಸ್ತರರು; ಅವರು ದನಿ ಎತ್ತಿದರೆ ಹಿಂದಿನ ಬೆಂಚಿನ ಅಜ್ಜಿಯರೂ ತೂಕಡಿಕೆ ಬಿಟ್ಟು ನೆಟ್ಟಗೆ ಕೂರುತ್ತಿದ್ದರು. ವಾರವಿಡೀ ಅದನ್ನೇ ಓದಿ ಓದಿ ಮನೆಯವರ ತಲೆ ತಿನ್ನುತ್ತಿದ್ದರು. ಅದೇ ಅವರ ಸಂಭ್ರಮ.

ಕರ್ತನ ಭೋಜನವಿರುವ ಭಾನುವಾರ, ಪಾದ್ರಿಯವರು ಯೇಸುವಿನ ನೆನಪಿಗೆ ಕೊಡುವ ರೊಟ್ಟಿಯ ಚೂರು ನಾಲಿಗೆಗೆ ತಾಗುವ ತನಕ ನಮ್ಮ ಮನೆಯಲ್ಲಿ ಯಾರೂ ಏನೂ ತಿನ್ನುತ್ತಿರಲಿಲ್ಲ. ಸಕ್ಕರೆ ಕಾಯಿಲೆ ಬಂದ ಮೇಲೂ ಅಪ್ಪ ಇದನ್ನು ಬಿಡಲಿಲ್ಲ. ಗುಳಿಗೆಯನ್ನು ಮಾತ್ರ ತಪ್ಪದೆ ನುಂಗುತ್ತಿದ್ದರು. “ಗುಳಿಗಿ ಏನ್ ಊಟ ಅಲ್ಲಲ್ಲ, ಅದರಿಂದ ಉಪಾಸ ಮುರಿಯಂಗಿಲ್ಲ” ಎಂಬುದು ಅವರ ವಾದ.

ಅಂಥದೊಂದು ಭಾನುವಾರ ಆರಾಧನೆ ಉದ್ದವಾಯಿತು. ಅಪ್ಪ ಎದ್ದು ಹೋಗಿ ಓದತೊಡಗಿದರು. ಓದಿದ ಸಾಲನ್ನೇ ಮತ್ತೆ ಓದಿದರು. ನಾಲಿಗೆ ತೊದಲಿತು, ಕೈ ನಡುಗಿತು, ಅಂಗಿ ಬೆವರಿ ಬೆನ್ನಿಗಂಟಿತು. ಪಾದ್ರಿಯವರು ತೋಳು ಹಿಡಿದರೆ ಕೊಸರಿಕೊಂಡು ಬೈದರು. ಹಿಂದೆ ಯಾರೋ ಅಂದರು: “ಮಾಸ್ತರ್ರು ಮುಂಜಾನೀನೇ ಹಾಕ್ಕೊಂಡು ಬಂದಾರ ನೋಡ್ರಿ.”

ಹೆಂಡದ ವಾಸನೆಯನ್ನೂ ಕಂಡವರಲ್ಲ ನಮ್ಮಪ್ಪ! ಅವ್ವ ಮನೆಗೆ ಕರೆತಂದು ಗಾಬರಿಯಲ್ಲಿ ಸಕ್ಕರೆ ಹಾಕಿದ ಚಹಾ ಕುಡಿಸಿ, ರೊಟ್ಟಿ ತಿನ್ನಿಸಿದಳು. ಸ್ವಲ್ಪ ಹೊತ್ತಿಗೆ ಸರಿಹೋದರು. ಅದೇ ಮುಳುವಾಯಿತು. ನಶೆ ಇಳಿಯಿತು ಅಂದರು ಜನ. ಮುಂದಿನ ವಾರದಿಂದ ಬೇರೊಬ್ಬರು ಓದಿದರು. ಅಪ್ಪ ಕೊನೆಯ ಬೆಂಚಿಗೆ ಸರಿದರು, ಕರ್ತನ ಭೋಜನವನ್ನೂ ಬಿಟ್ಟರು.

ಎಷ್ಟೋ ವರ್ಷಗಳ ಮೇಲೆ, ಬೀದರಿನ ನನ್ನ ಮನೆಗೆ ಬಂದಾಗ, ಇಲ್ಲಿನ ಚರ್ಚಿನ ಕರ್ತನ ಭೋಜನಕ್ಕಾದರೂ ಬನ್ನಿ ಎಂದು ಕಾಡಿ ಬೇಡಿ ಒಪ್ಪಿಸಿದೆ. ಬೆಳಿಗ್ಗೆ ಮತ್ತೆ ಅದೇ ಉಪವಾಸ, ಅದೇ ಗುಳಿಗೆ. ಅಂಗಿಯ ಗುಂಡಿ ಹಾಕಲಾಗದೆ ಬೆರಳು ನಡುಗಿದವು, ಸುಮ್ಮಸುಮ್ಮನೆ ನನ್ನ ಮೇಲೆ ರೇಗಿದರು. ಬೆರಳು ಚುಚ್ಚಿ ನೋಡಿದರೆ ಸಕ್ಕರೆ ಎಪ್ಪತ್ತಕ್ಕಿಂತ ಎಷ್ಟೋ ಕೆಳಗೆ. ಸಕ್ಕರೆ ನೀರು ಕುಡಿಸಿದೆ, ಆಮೇಲೆ ಉಪ್ಪಿಟ್ಟು ತಿನ್ನಿಸಿದೆ.

ಕರೆದೊಯ್ದು ತೋರಿಸಿದಾಗ ಡಾಕ್ಟರು ಬಿಡಿಸಿ ಹೇಳಿದರು: ಸಕ್ಕರೆ ಏರಿ ಕಣ್ಣು ಕೆಡುವುದಷ್ಟೇ ಅಲ್ಲ, ಇಳಿಯುವುದೂ ಅಪಾಯ, ಮಾತು ತೊದಲುತ್ತದೆ, ಸಿಟ್ಟು ನೆತ್ತಿಗೇರುತ್ತದೆ, ಕುಡಿದವರಂತೆ ಕಾಣುತ್ತಾರೆ, ಈ ಗುಳಿಗೆ ನುಂಗಿ ಹಸಿದಿರಬಾರದು. ಹೊರಗೆ ಬಂದಮೇಲೆ ಅಪ್ಪ ಕೇಳಿದರು, “ಹಂಗಾದ್ರ ಅವತ್ತು ದೇವರು ನನ್ನ ನಾಲಿಗಿ ಕಟ್ಟಿದ್ದಲ್ಲ?”

ಇಷ್ಟು ವರ್ಷ ಅವರು ಏನು ನಂಬಿ ಕೂತಿದ್ದರೆಂದು ನನಗೆ ಆಗಲೇ ಗೊತ್ತಾದದ್ದು. ಹಳ್ಳಿಗೆ ಹೋಗಿ, ಅದು ಹೆಂಡವಲ್ಲ, ಸಕ್ಕರೆ ಇಳಿದದ್ದು ಎಂದು ಚರ್ಚಿನವರಿಗೆಲ್ಲ ಬಾಯಿಗೆ ಬಂದಂತೆ ಬೈದುಬಂದೆ. ಪಾದ್ರಿಯವರು ಒಳ್ಳೆಯವರು, ಅಪ್ಪ ಊರಿಗೆ ಮರಳಿದ ಮೇಲೆ ಸತ್ಯವೇದ ಹಿಡಿದು ತಾವೇ ಮನೆಗೆ ಬಂದರು. “ಮಾಸ್ತರ್ರ, ತಪ್ಪಾಯ್ತ್ರಿ. ಈ ಭಾನುವಾರ ನೀವೇ ಓದಬೇಕ್ರಿ.”

ಅಪ್ಪ ಪುಸ್ತಕ ತೆಗೆದುಕೊಂಡು ಕಿಟಕಿಯತ್ತ ತಿರುಗಿದರು. ಕಣ್ಣಿಗೆ ಹತ್ತಿರ ಹಿಡಿದರು, ದೂರ ಹಿಡಿದರು. ಅವರು ಪೇಪರ್ ಓದುವುದನ್ನು ಬಿಟ್ಟಾಗ ಬೇಸರಕ್ಕೆಂದು ನಾವೆಲ್ಲ ತಿಳಿದಿದ್ದೆವು.

“ಕರೀಲಾಕ ತಡಾ ಮಾಡಿದ್ರಿ,” ಅಂದರು. “ಅಕ್ಷರ ಕಾಣವಲ್ಲವ್ರಿ.”