ಅಂಚಿನ ಲಾಳಿ ಬಿಟ್ಟು ಹೋದವಳು

ಆಗ ನನಗೆ ಐವತ್ತೊಂಬತ್ತು. ಈಗ್ಗೆ ಆರು ವರ್ಷದ ಹಿಂದಿನ ಮಾತು. ಮೊಳಕಾಲ್ಮೂರಿನ ನಮ್ಮ ಮನೆಯ ಮಗ್ಗದ ಮೇಲೆ ಅರ್ಧ ನೇಯ್ದ ರೇಷ್ಮೆ ಸೀರೆಯೊಂದು ನಿಂತುಹೋಗಿತ್ತು. ಅದನ್ನು ನನ್ನ ಜೊತೆ ನೇಯುತ್ತಿದ್ದ ನನ್ನ ಕಡೆಯ ಮಗಳು ಚಳ್ಳಕೆರೆಗೆ ಹೋಗಿ ಕೂತಿದ್ದಳು. ಕೂತಿದ್ದಳು ಅನ್ನುವುದು ತಪ್ಪು, ಕುಣಿಯುತ್ತಿದ್ದಳು. ತಾನು ಓದಿದ ಕಾಲೇಜಿನಲ್ಲೇ ಹುಡುಗಿಯರಿಗೆ ಬ್ಯಾಸ್ಕೆಟ್‌ಬಾಲ್ ಕಲಿಸುತ್ತಿದ್ದಳು.

ನಮ್ಮ ಸೀರೆಗೆ ಮೂರು ಲಾಳಿ. ಒಡಲಿಗೆ ಒಂದು, ಎರಡು ಕಡೆಯ ಅಂಚಿಗೆ ಎರಡು. ಒಡಲಿನ ಬಣ್ಣ ಬೇರೆ, ಅಂಚಿನ ಬಣ್ಣ ಬೇರೆ, ಹಾಗಾಗಿ ಒಬ್ಬರಿಂದ ಆಗುವ ಕೆಲಸವಲ್ಲ. ಒಬ್ಬರು ಮಗ್ಗದ ಕೆಳಗಿನ ಗುಂಡಿಯಲ್ಲಿ ಕಾಲಿಟ್ಟು ನೇಯಬೇಕು, ಇನ್ನೊಬ್ಬರು ಬಲಕ್ಕೆ ಕೂತು ಅಂಚಿನ ಲಾಳಿ ಎಸೆಯಬೇಕು. ಎಳೆಯನ್ನು ಬಿಗಿ ಹಿಡಿಯುವುದು ಒಬ್ಬೊಬ್ಬರದು ಒಂದೊಂದು ಥರ. ಅದಕ್ಕೇ ನಮ್ಮತ್ತೆಯ ಕಾಲದಿಂದ ನಮ್ಮ ಮನೆಯಲ್ಲೊಂದು ಕಟ್ಟುಪಾಡಿತ್ತು. ಸೀರೆ ಶುರುಮಾಡಿದ ಕೈಯೇ ಮುಗಿಸಬೇಕು, ನಡುವೆ ಕೈ ಬದಲಾದರೆ ಅಂಚು ಸುಕ್ಕುಗಟ್ಟುತ್ತದೆ. ಒಮ್ಮೆ ನನಗೆ ಟೈಫಾಯ್ಡ್ ಆದಾಗಲೂ ಅತ್ತೆ ನನ್ನ ಜಾಗಕ್ಕೆ ಯಾರನ್ನೂ ಕೂರಿಸಲಿಲ್ಲ. ಮಗ್ಗಕ್ಕೆ ಬಟ್ಟೆ ಹೊದಿಸಿ ನಾನು ಏಳುವವರೆಗೂ ಕಾದಳು. ಪ್ರೀತಿಯಿಂದಲ್ಲ, ಅಂಚಿನ ಆಸೆಗೆ.

ನಮ್ಮನೆಯವರ ಕಣ್ಣು ಮಂಜಾದ ಮೇಲೆ ಅವರು ಮಗ್ಗ ಬಿಟ್ಟರು. ನಾನು ಗುಂಡಿಗೆ ಇಳಿದೆ, ಮಗಳು ನನ್ನ ಬಲಕ್ಕೆ ಬಂದಳು. ಆಗ ಅವಳಿನ್ನೂ ಹೈಸ್ಕೂಲು. ನಾವಿಬ್ಬರೂ ಹೆಚ್ಚು ಮಾತಾಡಿದವರಲ್ಲ. ನಾನು ಲಾಳಿ ಎಸೆದರೆ ಅವಳು ಎಸೆಯುತ್ತಿದ್ದಳು, ಅಷ್ಟೇ. ಉಳಿದ ಮಕ್ಕಳು ಮದುವೆಯಾಗಿ ಹೋದಾಗ ನನಗೇನೂ ಅನ್ನಿಸಲಿಲ್ಲ. ಇವಳು ಮಾತ್ರ ನನ್ನ ಬಲಗೈ ಪಕ್ಕದಲ್ಲಿರುವವಳು ಎಂದು ಗಟ್ಟಿ ಮಾಡಿಕೊಂಡಿದ್ದೆ.

ಪಿಯುಸಿ ಮುಗಿಸಿ ಚಳ್ಳಕೆರೆಯ ಕಾಲೇಜಿಗೆ ಸೇರಿದಳು. ಹಾಸ್ಟೆಲ್ಲಿನಲ್ಲಿದ್ದಳು, ರಜೆಗೆ ಬಂದು ಮಗ್ಗಕ್ಕೆ ಕೂರುತ್ತಿದ್ದಳು. ಆಳು ಉದ್ದ. ಅಲ್ಲಿ ಆಟ ಕಲಿಸುವ ಮೇಡಂ ಒಬ್ಬಳ ಕಣ್ಣಿಗೆ ಬಿದ್ದಳು. ಆಮೇಲೆ ಮನೆಗೆ ಬಂದಾಗಲೆಲ್ಲ ಬಾಯಿ ಬಿಟ್ಟರೆ ಮೇಡಂ. ಮೇಡಂ ಹಿಂಗಂದ್ರು, ಮೇಡಂ ಹಂಗಂದ್ರು.

"ಅವ್ವ, ದಿನಾ ಮೊಟ್ಟೆ ತಿನ್ಬೇಕಂತೆ. ಮೇಡಂ ಹೇಳವ್ರೆ."

"ನಮ್ಮನೇಲಿ ಮೊಟ್ಟೆ ಒಡೆದೋರಿಲ್ಲ."

"ನೀನೇನೂ ಒಡೀಬ್ಯಾಡ ಬಿಡು. ಮೇಡಮ್ಮೇ ಅವ್ರ ಮನೇಲಿ ಬೇಯ್ಸಿ ತಂದ್ಕೊಡ್ತಾರೆ."

"ಓಹೋ! ಹಂಗಾರೆ ಹೆತ್ತಿದ್ದೂ ಆವಮ್ಮನೇ ಇರ್ಬೇಕು."

ಅವಳು ನಕ್ಕಳು. ನಾನು ನಗಲಿಲ್ಲ.

ಹೊಟ್ಟೆಕಿಚ್ಚು ಅಂದರೆ ಏನೆಂದು ಅಲ್ಲಿಯವರೆಗೆ ನನಗೆ ಗೊತ್ತಿರಲಿಲ್ಲ ಎಂದರೆ ಸುಳ್ಳಾದೀತು. ವಾರಗಿತ್ತಿಯ ಬೆಂಡೋಲೆ ನೋಡಿ ಉರಿದವಳು ನಾನು. ಆದರೆ ಅದು ನಮಗೂ ಬೆಂಡೋಲೆ ಬಂದರೆ ಆರುವ ಉರಿ. ಇದು ಆರುವಂಥದ್ದಲ್ಲ.

ಕಡೆಯ ವರ್ಷ ಅವಳೇ ತಂಡದ ಕ್ಯಾಪ್ಟನ್ ಆದಳು. ದಾವಣಗೆರೆಗೆ, ತುಮಕೂರಿಗೆ ಹೋಗಿ ಆಡಿಬಂದಳು. ಗೆದ್ದ ಕಪ್ಪೊಂದನ್ನು ತಂದು ದೇವರ ಗೂಡಿನಲ್ಲಿಟ್ಟಳು. ನಾನು ತೆಗೆದು ಕಿಟಕಿಯಲ್ಲಿಟ್ಟೆ. ಜೊತೆಗೊಂದು ಫೋಟೋ ತಂದಿದ್ದಳು, ಅದರಲ್ಲಿ ಮೇಡಂ ಕೈ ಇವಳ ಹೆಗಲ ಮೇಲೆ. ನಮ್ಮಿಬ್ಬರದೊಂದು ಫೋಟೋ ಮನೆಯಲ್ಲಿರಲಿಲ್ಲ. ಮಗ್ಗದಲ್ಲಿ ಕೂತವರ ಫೋಟೋ ಯಾರು ತೆಗೆಯುತ್ತಾರೆ? ಬಂದವರು ಸೀರೆಯದು ತೆಗೆದುಕೊಂಡು ಹೋಗುತ್ತಾರೆ.

ಡಿಗ್ರಿ ಮುಗಿಯಿತು. ಆಟವೂ ಮುಗಿಯಿತು, ಮೇಡಮ್ಮೂ ಮುಗಿದಳು ಎಂದು ನೆಮ್ಮದಿಯಾದೆ. ಮಗಳು ಮನೆಗೆ ಬಂದಳು, ಇಬ್ಬರೂ ಸೇರಿ ಹೊಸ ಸೀರೆ ಹಿಡಿದೆವು. ಅರ್ಧಕ್ಕೆ ಬಂದಿತ್ತು, ಫೋನು ಬಂತು. ಮೇಡಂ ಬಸುರಿ. ತಾನು ಹೆತ್ತು ಬರುವವರೆಗೆ, ಎರಡು ತಿಂಗಳ ಮಟ್ಟಿಗೆ, ಹುಡುಗಿಯರ ತಂಡವನ್ನು ನೋಡಿಕೊಳ್ಳಲು ಇವಳೇ ಬರಬೇಕಂತೆ. ಇವಳು ಕೈಯಲ್ಲಿದ್ದ ಲಾಳಿಯನ್ನು ಮಗ್ಗದ ಮೇಲಿಟ್ಟು ಎದ್ದೇಬಿಟ್ಟಳು.

"ಬಂದು ನಾನೇ ಮುಗಿಸ್ತೀನಿ. ಯಾರನ್ನೂ ಕೂರಿಸ್ಬ್ಯಾಡ ಅವ್ವ" ಅಂದಳು.

ಆ ಮಾತು ನನಗೆ ಹಿಡಿಸಿತು. ಮಗ್ಗಕ್ಕೆ ಬಟ್ಟೆ ಹೊದಿಸಿದೆ. ಎರಡು ತಿಂಗಳು ಕಳೆದು ಮತ್ತೆಷ್ಟೋ ದಿನ ಆಯಿತು. ಸೀರೆಗೆ ಕಾಯುತ್ತಿದ್ದ ಸಾಹುಕಾರ ಬಂದು ಬೈದು ಹೋದ. ಎದುರು ಮನೆಯವಳು, ತೆಲುಗಿನವಳು, ಒಳ್ಳೆಯ ಕೈ, "ನಾನು ಕೂಡ್ತೀನಿ ಬಾರಕ್ಕ" ಅಂದಳು. ಬೇಡ ಅಂದೆ. ನನಗೆ ಅಂಚಿನ ಚಿಂತೆ ಇರಲಿಲ್ಲ. ಸೀರೆ ಅರ್ಧಕ್ಕೆ ಇರುವವರೆಗೆ ಮಗಳು ವಾಪಸು ಬರಲೇಬೇಕು, ಅದು ನನ್ನ ಲೆಕ್ಕ. ಕಡೆಗೆ ನಾನೇ ಹೋಗಿ ಕರೆತರುತ್ತೇನೆಂದು ಹೊರಟೆ. ಹೆದ್ದಾರಿಯ ಮೇಲಿನ ನಮ್ಮ ಹಾನಗಲ್ಲಿನಲ್ಲಿ ಬಸ್ಸು ಬದಲಾಯಿಸಿ, ತಳಕು ದಾಟಿ, ಚಳ್ಳಕೆರೆಯಲ್ಲಿ ಇಳಿದಾಗ ಮಿಲ್ಲುಗಳಿಂದ ಶೇಂಗಾ ಎಣ್ಣೆಯ ವಾಸನೆ ಬರುತ್ತಿತ್ತು.

ಕಾಲೇಜಿನ ಹಿಂದೆ ಸಿಮೆಂಟಿನ ಅಂಗಳ. ಅವತ್ತು ದುರ್ಗದ ಕಾಲೇಜಿನವರ ಮೇಲೆ ಪಂದ್ಯ ನಡೆಯುತ್ತಿತ್ತು. ಗೆರೆಯ ಆಚೆ ನಿಂತು ನನ್ನ ಮಗಳು ಕೂಗುತ್ತಿದ್ದಳು. "ಎಡಕ್ಕೆ ನೋಡೇ! ಕೈ ಮ್ಯಾಕೆ! ನಿದ್ದೆ ಮಾಡ್ತೀಯೇನೇ!" ನಮ್ಮ ಮನೆಯಲ್ಲಿ ಆ ಗಂಟಲನ್ನು ನಾನು ಕೇಳಿರಲಿಲ್ಲ. ನನ್ನನ್ನು ನೋಡಿ, "ಬಂದ್ಯಾ ಅವ್ವ, ಕೂತ್ಕೊ" ಎಂದು ಬೆಂಚು ತೋರಿಸಿ ತಿರುಗಿಕೊಂಡಳು.

ನಡುವೆ ಆಟ ನಿಂತಿತು. ಕಡ್ಡಿಯಂಥ ಒಬ್ಬ ಹುಡುಗಿ ಓಡಿಬಂದಳು. ನನ್ನ ಮಗಳು ಅವಳ ಕಾಲ ಬಳಿ ಕುಕ್ಕರಗಾಲಲ್ಲಿ ಕೂತು ಶೂ ದಾರ ಕಟ್ಟಿದಳು. ತನ್ನ ವೇಲಿನಿಂದ ಅವಳ ಮುಖ ಒರೆಸಿದಳು. ತಾನೇ ನೀರು ಕುಡಿಸಿದಳು. ಇದೇ ಮಗಳು ನನಗೆ ಬೆನ್ನು ಹಿಡಿದುಕೊಂಡಾಗ ಎಣ್ಣೆ ಬಾಟಲಿಯನ್ನು ದೂರದಿಂದ ತಳ್ಳಿದವಳು. ಆ ಹುಡುಗಿಯನ್ನು ಕಂಡರೆ ನನ್ನ ಮೈ ಉರಿಯಿತು. ಮೇಡಂ ಮೇಲಿದ್ದ ಕಿಚ್ಚೆಲ್ಲ ಎದ್ದು ಆ ಕಡ್ಡಿಯ ಮೇಲೆ ಕೂತಿತು.

ಆಟ ಮತ್ತೆ ಶುರುವಾಗಿ ಸ್ವಲ್ಪ ಹೊತ್ತಿಗೆ ಮಗಳು ಆ ಹುಡುಗಿಯನ್ನು ಹೊರಗೆ ಕರೆದು, ಎತ್ತರದ ಇನ್ನೊಬ್ಬಳನ್ನು ಒಳಗೆ ಕಳಿಸಿದಳು. ಕಡ್ಡಿ ಬಂದು ಮುಖ ಊದಿಸಿಕೊಂಡು ನನ್ನ ಪಕ್ಕ ಕೂತಿತು. ನನಗೆ ಖುಷಿಯಾಯಿತು.

"ಯಾವೂರೇ?" ಅಂದೆ.

"ದೇವಸಮುದ್ರದ ತಾವ ಅಜ್ಜಿ. ಕುರಿಯೋರು ನಾವು. ನೀವು ಅಕ್ಕನ ಅವ್ವ ಅಲ್ವಾ?"

"ನಿನಗೆ ಅಕ್ಕ ಹೆಂಗಾದ್ಲು? ನನ್ನ ಮಗಳು ಅವಳು."

"ನಿಮ್ ಸುದ್ದಿ ಹೇಳ್ತಿರ್ತಾಳೆ."

"ಏನಂತ?"

"ನಮಗೆ ಬೈಯುವಾಗ, 'ನೀವು ನಮ್ಮವ್ವನ ಪಕ್ಕ ಕೂತಿದ್ರೆ ಹಿಂಗೆ ಬಾಲು ಬಿಡ್ತಿರ್ಲಿಲ್ಲ ಕಣ್ರೇ, ಕಿವಿ ಹರೀತಿದ್ಲು' ಅಂತ."

ಅದು ಹೊಗಳಿದ್ದೋ ತೆಗಳಿದ್ದೋ ನನಗೆ ತಿಳಿಯಲಿಲ್ಲ. "ನಿನ್ನ ಎಬ್ಬಿಸಿ ಅವಳನ್ನ ಹಾಕಿದ್ಲಲ್ಲ, ಉರಿಯಲ್ವಾ?" ಅಂದೆ.

"ಉರೀದೇ ಏನಜ್ಜಿ? ಅವಳು ಕಾಲು ಜಾರಿ ಬೀಳ್ಲಿ ಅಂತ ದೇವ್ರಿಗೆ ಬೇಡ್ಕೊಂತಿದೀನಿ" ಅಂದವಳು, ಆ ಎತ್ತರದವಳ ಕೈಗೆ ಚೆಂಡು ಸಿಕ್ಕ ಕೂಡಲೇ ಬೆಂಚಿನ ಮೇಲೆ ಹತ್ತಿ ನಿಂತು "ಹಾಕೇ, ಹಾಕೇ!" ಎಂದು ಅರಚಿದಳು. ಚೆಂಡು ಬುಟ್ಟಿಗೆ ಬಿತ್ತು. ಕೆಳಗಿಳಿದು ಮತ್ತೆ ಮುಖ ಊದಿಸಿದಳು. ನನಗೆ ನಗು ಬಂತು, ತಡೆದುಕೊಂಡೆ.

ನಮ್ಮವರೇ ಸೋತರು. ಹುಡುಗಿಯರೆಲ್ಲ ನನ್ನ ಮಗಳ ಮೈಮೇಲೆ ಬಿದ್ದು ಅತ್ತರು. ಅಳು ಮುಗಿಯುವವರೆಗೆ ಕಾದು, ಹತ್ತಿರ ಹೋಗಿ ಅಂದೆ:

"ಬಟ್ಟೆ ತುಂಬ್ಕೊ, ಹೋಗಾಣ. ಸೀರೆ ಅರ್ಧಕ್ಕೆ ನಿಂತೈತೆ."

"ಅವ್ವ, ಮೇಡಂ ವಾಪಸ್ ಬರಲ್ವಂತೆ. ಅವ್ರ ಯಜಮಾನ್ರಿಗೆ ಬೇರೆ ಊರಿಗೆ ವರ್ಗ ಆಗೈತೆ. ಪ್ರಿನ್ಸಿಪಾಲ್ರು ನೀನೇ ಇರು ಅಂದ್ರು."

"ನೀನೇನಂದೆ?"

"ಇರ್ತೀನಿ ಅಂದೆ."

"ಸೀರೆ?"

"ಎದುರು ಮನೆಯೋಳ್ನ ಕೂರಿಸ್ಕೊ."

"ಯಾರನ್ನೂ ಕೂರಿಸ್ಬ್ಯಾಡ ಅಂದೋಳು ನೀನೇ."

"ಅವತ್ತು ಅಂದಿದ್ದೆ. ಇವತ್ತು ಕೂರಿಸ್ಕೊ ಅಂತಿದೀನಿ."

"ಅಂಚು ಸುಕ್ಕಾಗ್ತೈತೆ."

"ಆಗ್ಲಿ ಬಿಡವ್ವ. ನನಗೇ ಕಾದ್ರೆ ಸೀರೆನೇ ಆಗಲ್ಲ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಆ ಕಡ್ಡಿಗೆ "ಸಾಕು, ಹೊರಗೆ ಬಾ" ಅಂದ ದನಿಯೇ. ಟೀ ಕುಡಿಸಿ ಬಸ್ ಸ್ಟ್ಯಾಂಡಿಗೆ ಬಂದಳು. ಆ ಕುರಿಯವರ ಹುಡುಗಿಯೂ ನನ್ನ ಚೀಲ ಹಿಡಿದು ಜೊತೆಗೆ ಬಂದಳು. ಅಷ್ಟು ಹೊತ್ತಾದರೂ ತಾಯಿ ಮಗಳಿಬ್ಬರನ್ನೇ ಬಿಡಬಾರದೇ.

ಮಗಳು ಈಗಲೂ ಅಲ್ಲೇ ಇದ್ದಾಳೆ. ಅವಳ ತಂಡ ಗೆಲ್ಲುತ್ತದಂತೆ, ಸೋಲುತ್ತದಂತೆ. ಹುಡುಗಿಯರು ಓದು ಮುಗಿಸಿ ಹೋಗುತ್ತಾರೆ, ಬೇರೆಯವರು ಬರುತ್ತಾರೆ. ಹಬ್ಬಕ್ಕೆ ಬಂದರೆ ಇಬ್ಬರನ್ನಾದರೂ ಬಾಲಕ್ಕೆ ಕಟ್ಟಿಕೊಂಡೇ ಬರುತ್ತಾಳೆ, ಅವರು ನನ್ನ ಹೋಳಿಗೆ ತಿಂದು ಅವಳ ಮಗ್ಗುಲಲ್ಲಿ ಮಲಗುತ್ತಾರೆ. ಈಗಿನವರು ಅವಳನ್ನು ಅಕ್ಕ ಅನ್ನುವುದಿಲ್ಲ, ಮೇಡಂ ಅನ್ನುತ್ತಾರೆ. ಯಾವುದೋ ಹಳ್ಳಿಯಲ್ಲಿ ಯಾವಳೋ ತಾಯಿ, ಮಗಳ ಬಾಯಲ್ಲಿ ಮೇಡಂ ಮೇಡಂ ಎಂದು ಕೇಳಿ ಕೇಳಿ, ಇವಳಿಗೆ ಶಾಪ ಹಾಕುತ್ತಿರಬೇಕು. ಹಾಕಲಿ. ಅದನ್ನು ನೆನೆದರೆ ನನಗೆ ಒಂದಿಷ್ಟು ಸಮಾಧಾನ.

ಅವತ್ತು ಒಬ್ಬಳೇ ಮನೆಗೆ ಬಂದಾಗ ನಮ್ಮನೆಯವರು ಜಗಲಿಯಲ್ಲಿ ಕೂತಿದ್ದರು. ಹೆಜ್ಜೆ ಸದ್ದಿನಲ್ಲೇ ಅವರಿಗೆ ತಿಳಿಯಿತು.

"ಎಲ್ಲೇ ಮಗಳು?"

"ಕೊಟ್ಟು ಬಂದೆ."

"ಯಾರಿಗೆ?"

"ಊರ ಮಂದಿಗೆಲ್ಲ."

ನಾನು ಊಟ ಮಾಡದೆ ಮಲಗಿದೆ.

ಮರುದಿನ ಬೆಳಿಗ್ಗೆ ಎದ್ದವಳೇ ಮಗ್ಗದ ಮೇಲಿನ ಬಟ್ಟೆ ಎಳೆದು ಧೂಳು ಕೊಡವಿದೆ. ಎದುರು ಮನೆಯವಳು ಬಾಗಿಲಿಗೆ ನೀರು ಹಾಕುತ್ತಿದ್ದಳು. "ಏಯ್, ಚೊಂಬು ಇಟ್ಟು ಬಾ ಇಲ್ಲಿ" ಅಂದೆ. ಬಂದಳು. ಒಳಗೆಲ್ಲ ಕಣ್ಣಾಡಿಸಿ, "ನೀ ಬಿಡ್ಡ ರಾಲೇದಾ ಅಕ್ಕ?" ಅಂದಳು.

"ಮಗಳು ಬರಲಿಲ್ಲ, ಬರೋದೂ ಇಲ್ಲ. ಲಾಳಿ ಹಿಡಿ."

ಅವಳು ನನ್ನ ಬಲಕ್ಕೆ ಕೂತು ಎಸೆದಳು. ಮೊದಲ ಎಳೆಗೇ ಅಂಚು ಸಡಿಲಾಯಿತು. ಬಿಚ್ಚಲಿಲ್ಲ. ಎಳೆ ಕೂರಿಸುವ ಹಲಗೆ ಎಳೆದು ಬಡಿದು ಮುಂದಕ್ಕೆ ನೇಯ್ದೆ.