ಶಿವಲಿಂಗಮ್ಮನ ಎರಡು ತಟ್ಟೆ

ಕೈಲಾಂಚ ಊರಿನಾಚೆಯ ಪುಟ್ಟ ಹಟ್ಟಿಯಲ್ಲಿ ಇನ್ನೂ ಬೆಳಕು ಹರಿದಿಲ್ಲ. ಬಾವಿಯ ಬಾಯಿಗೆ ಮುಳ್ಳುಕೊಂಬೆ ಮುಚ್ಚಿ ಇಪ್ಪತ್ತಾರು ದಿನ. ಹಟ್ಟಿಯ ಹಿರಿಯಾಕೆ ಅಂಬಮ್ಮ ಕೊಂಬೆ ಸರಿಸಿ ಬಿಂದಿಗೆ ಇಳಿಸುತ್ತಾರೆ. ಮೇಲೆ ಬಂದ ನೀರಿನಲ್ಲೇ ಶಿವಲಿಂಗಮ್ಮ ಸೀಸೆಯನ್ನು ಮೂರು ಸಲ ಕುಲುಕಿ ಚೆಲ್ಲಿ, ನಾಲ್ಕನೆಯ ಸಲ ತುಂಬಿಸುತ್ತಾರೆ.

"ಈ ಸಲನಾದ್ರೂ ಒಳ್ಳೇ ಮಾತು ತತ್ತೀಯೇನವ್ವ?"

"ನಾನೇನ್ ತರ್ಲಿ ಅಂಬಕ್ಕ, ಹುಳ ಹೇಳ್ದಂಗೆ."

ನಲವತ್ತೆಂಟರ ಶಿವಲಿಂಗಮ್ಮ ರಾಮನಗರದಲ್ಲಿ ಮಣ್ಣು, ನೀರು ಪರೀಕ್ಷಿಸುವ ಸಣ್ಣ ಪ್ರಯೋಗಾಲಯವೊಂದರ ದಿನಗೂಲಿ ಸಹಾಯಕಿ. ರೇಷ್ಮೆ ಗೂಡಿನ ದರ ಏರಿದ್ದೇ ತಡ, ಈ ಸೀಮೆಯ ರಾಗಿ ಹೊಲಗಳೆಲ್ಲ ಹಿಪ್ಪುನೇರಳೆ ತೋಟಗಳಾಗಿವೆ. ತೋಟ ಹೆಚ್ಚಿದಂತೆ ಕೀಟಗಳಿಗೆ ಔಷಧಿ ಹೊಡೆಯುವ ಡಬ್ಬಗಳೂ ಹೆಚ್ಚಿವೆ. ಕಳೆದ ತಿಂಗಳು ಯಾರೋ ಅಂಥದ್ದೊಂದು ಡಬ್ಬವನ್ನು ಈ ಬಾವಿಕಟ್ಟೆಯ ಮೇಲೆ ತೊಳೆದರು. ವಾರಕ್ಕೆ ಎಂಟು ಬಾವಿಗಳ ನೀರು ತರುವ ಶಿವಲಿಂಗಮ್ಮನ ಕಣ್ಣಿಗೆ ಅದು ಮೊದಲು ಬಿತ್ತು, ಅವತ್ತೇ ಬಾವಿ ಮುಚ್ಚಿತು.

ದೊಡ್ಡ ಯಂತ್ರವಿರುವುದು ಬೆಂಗಳೂರಿನಲ್ಲಿ, ಅಲ್ಲಿಂದ ವರದಿ ಬರಲು ಹತ್ತು ಹನ್ನೆರಡು ದಿನ. ಅಲ್ಲಿಯವರೆಗೆ ಜನ ಕುಡಿಯಬೇಕೋ ಬೇಡವೋ? ಶಿವಲಿಂಗಮ್ಮ ಬಾವಿ ನೀರಲ್ಲಿ ಹಿಪ್ಪುನೇರಳೆ ಸೊಪ್ಪು ಅದ್ದಿ, ನೆರಳಲ್ಲಿ ಆರಿಸಿ, ಮೂರನೇ ಜ್ವರ, ಅಂದರೆ ಮೂರನೇ ಸಲ ಪೊರೆ ಬಿಡುವ ನಿದ್ದೆ, ಮುಗಿಸಿ ಎದ್ದ ಇಪ್ಪತ್ತು ರೇಷ್ಮೆ ಹುಳುಗಳಿಗೆ ಹಾಕುತ್ತಾರೆ. ಔಷಧಿಯ ಅಂಶವಿದ್ದರೆ ಹುಳು ತಲೆ ಒದರಿ ಹಸಿರು ರಸ ಕಕ್ಕುತ್ತದೆ. ಒಂದು ಹಗಲು, ಒಂದು ರಾತ್ರಿ, ಅಷ್ಟೇ.

"ನಾನು ಐದು ವರ್ಷ ಕೆಮಿಸ್ಟ್ರಿ ಓದಿದೀನಿ. ಶಿವಲಿಂಗಮ್ಮ ಇಸ್ಕೂಲ್ ಮೆಟ್ಟಿಲು ಹತ್ತಿಲ್ಲ," ಎನ್ನುತ್ತಾರೆ ಪ್ರಯೋಗಾಲಯದ ರಸಾಯನತಜ್ಞ ಗಫಾರ್. "ಆದ್ರೂ ಬೆಂಗಳೂರಿನ ಕಾಗದ ಬಂದ್ರೆ, ಅಮ್ಮನ ಮಾತಿಗೆ ತಾಳೆ ಆಗುತ್ತಾ ಅಂತಲೇ ನಾನು ಮೊದ್ಲು ನೋಡೋದು."

ಈ ಬಾವಿಯನ್ನು ಎರಡು ಸಲ ಬರಿದು ಮಾಡಿ ಹೂಳೆತ್ತಿದ್ದಾಗಿದೆ. ನೀರು ಶುದ್ಧ ಎಂಬ ವರದಿಯೂ ಮೊನ್ನೆ ಬಂದಿದೆ. ಆದರೆ ಶಿವಲಿಂಗಮ್ಮ ಹೇಳುವ ತನಕ ಹಟ್ಟಿಯವರು ಮುಳ್ಳು ತೆಗೆಯುವುದಿಲ್ಲ. ಸೋಜಿಗವೆಂದರೆ, ಇಷ್ಟು ನಂಬಿಕೆ ಹುಟ್ಟಿದ್ದು ಶಿವಲಿಂಗಮ್ಮನದೇ ಒಂದು ತಪ್ಪಿನಿಂದ.

ನಾಲ್ಕು ವರ್ಷದ ಹಿಂದೆ ಇದೇ ಬಾವಿಯ ನೀರಿಗೆ ಇಪ್ಪತ್ತಕ್ಕೆ ಇಪ್ಪತ್ತೂ ಹುಳು ಸತ್ತವು. ಬಾವಿ ಮುಚ್ಚಿತು. ಹೆಂಗಸರು ಬಂಡೆ ದಾರಿಯಲ್ಲಿ ಮೈಲಿ ದೂರದಿಂದ ನೀರು ಹೊತ್ತರು. ಅಂಬಮ್ಮ ಜಾರಿ ಬಿದ್ದು ಮೊಣಕೈ ಮುರಿದುಕೊಂಡರು. ಹನ್ನೊಂದನೇ ದಿನ ವರದಿ ಬಂತು, ನೀರಿನಲ್ಲಿ ಏನೂ ದೋಷವಿಲ್ಲ! ಆಗ ಶಿವಲಿಂಗಮ್ಮನಿಗೆ ನೆನಪಾಯಿತು: ಅವತ್ತು ಬಸ್ಸಿನಲ್ಲಿ ಹೊಗೆಸೊಪ್ಪು ತಿಕ್ಕಿದ ಬೆರಳಲ್ಲೇ ಹುಳುವಿಗೆ ಸೊಪ್ಪು ಹಾಕಿದ್ದರು. ಹೊಗೆಸೊಪ್ಪು ಸೋಕಿದರೆ ಹುಳು ಉಳಿಯದೆಂಬುದು ಈ ಕಡೆಯ ಕೂಸಿಗೂ ಗೊತ್ತು.

"ಮೂವತ್ತು ವರ್ಸ ಹುಳ ಸಾಕಿದೋಳು, ನಾನೇ ಹಿಂಗ್ ಮಾಡ್ಬುಟ್ನಲ್ಲ! ಸುಮ್ಕಿರು, ಯಾರ್ಗೂ ಗೊತ್ತಾಗಕಿಲ್ಲ ಅಂದ್ರು ಕೆಲವ್ರು. ಅಂಬಕ್ಕನ ಕೈ ಕಣ್ಮುಂದೆ ಬತ್ತಿತ್ತು. ಹೋಗಿ ಹಟ್ಟಿಯೋರ ಮುಂದೆ ನಿಂತ್ಕಂಡು, ತಪ್ಪು ನಂದು ಕಣ್ರವ್ವ ಅಂದೆ."

ಅಂದಿನಿಂದ ಅವರು ಹೊಗೆಸೊಪ್ಪು ಮುಟ್ಟಿಲ್ಲ. ಅಂದಿನಿಂದಲೇ ಎರಡು ತಟ್ಟೆ. ಒಂದಕ್ಕೆ ಬಾವಿ ನೀರಿನ ಸೊಪ್ಪು, ಇನ್ನೊಂದಕ್ಕೆ ಒಳ್ಳೆಯದೆಂದು ಗೊತ್ತಿರುವ ನೀರಿನ ಸೊಪ್ಪು, ಹಾಕುವುದು ಅದೇ ಕೈ. ಎರಡನೆಯ ತಟ್ಟೆಯ ಹುಳು ಸತ್ತರೆ ದೋಷ ಬಾವಿಯದಲ್ಲ, ತನ್ನದು. ತನ್ನ ಕೈಯನ್ನೇ ದಿನವೂ ಪರೀಕ್ಷೆಗೆ ಒಡ್ಡುವ ಈ ಹೆಂಗಸಿನ ಮುಂದೆ ತಲೆ ತಾನಾಗಿ ಬಾಗುತ್ತದೆ.

ಮಾರನೆಯ ಮುಂಜಾನೆ ಎರಡೂ ತಟ್ಟೆಗಳಲ್ಲಿ ಸೊಪ್ಪಿನ ನರ ಮಾತ್ರ ಉಳಿದಿದೆ. ಶಿವಲಿಂಗಮ್ಮ ಎರಡೆರಡು ಸಲ ಎಣಿಸುತ್ತಾರೆ. ಇಪ್ಪತ್ತು. ಇಪ್ಪತ್ತು. ಮೊದಲ ಬಸ್ಸಿಗೇ ಹಟ್ಟಿಗೆ ಹೊರಡುತ್ತಾರೆ.

ಅಂಬಮ್ಮ ಮುಳ್ಳನ್ನು ಎಳೆದೆಸೆದು ನೀರು ಸೇದುತ್ತಾರೆ. ಅವರ ಎಡ ಮೊಣಕೈ ಇಂದಿಗೂ ಪೂರಾ ಚಾಚುವುದಿಲ್ಲ. ಮೊದಲ ಬೊಗಸೆಯನ್ನು ಶಿವಲಿಂಗಮ್ಮ ತಾವೇ ಕುಡಿಯುತ್ತಾರೆ. ಆಮೇಲೆ ಬಿಂದಿಗೆಗಳ ಸಾಲು.

ನಿಮಗೇನು ಆಸೆ ಎಂದು ಕೇಳಿದರೆ ಸೆರಗಿನಲ್ಲಿ ಬಾಯಿ ಒರೆಸಿಕೊಂಡು ನಗುತ್ತಾರೆ. "ಕೆಲ್ಸ ಬುಟ್ಟ ದಿವ್ಸ ಎಲೆಡ್ಕೆ ಜೊತೆ ಒಸಿ ಹೊಗೆಸೊಪ್ಪು ಹಾಕ್ಕಂಡು, ಈ ಕಟ್ಟೆ ಮೇಲೆ ಅಂಬಕ್ಕನ ಪಕ್ಕ ಕೂತ್ಕಬೇಕು. ಅಲ್ಲೀಗಂಟ ಈ ಕೈ ನಂದಲ್ಲ, ಹುಳದ್ದು."